ಕಾರ್ಖಾನೆ ಬೆಳೆಯುವ ಮುನ್ನ ಊರಿನ ಮಾತು ಕಡತ ಸೇರಲಿ

ಚಿಕ್ಕಬಳ್ಳಾಪುರ ಜಿಲ್ಲೆಯ ಬಂಡೆಗುಡ್ಡಗಳ ಸೀಮೆಗೆ ಕ್ವಾರಿ, ಕ್ರಷರ್ ಹೊಸದಲ್ಲ. ಇರುವ ಘಟಕವೇ ಪಕ್ಕದ ಹೊಲ ಕೊಂಡು ಇನ್ನೊಂದು ಯಂತ್ರ ಕೂರಿಸುತ್ತದಂತೆ ಎಂಬ ಸುದ್ದಿ ಬಂದಾಗ ಚಿಂತಾಮಣಿ ತಾಲ್ಲೂಕಿನ ಅಂಬಾಜಿದುರ್ಗ ಹೋಬಳಿಯ ರೈತ ಕೇಳುವುದು ಒಂದೇ ಮಾತು: ‘ಅವರಿಗೆ ಆಗಲೇ ಪರ್ಮಿಷನ್ ಇದೆಯಲ್ಲ, ನಾವೇನು ಮಾಡೋಕಾಗುತ್ತೆ?’ ಮಾಡಬಹುದು. ಹಳೆಯ ಅನುಮತಿ ಹಳೆಯ ಅಳತೆಗೆ ಮಾತ್ರ.

ಕೊಪ್ಪಳದವರು ಈ ಪ್ರಶ್ನೆಯನ್ನು ದೊಡ್ಡದಾಗಿಯೇ ಎತ್ತಿದರು. ಅಲ್ಲಿ ಈಗಾಗಲೇ ಘಟಕ ನಡೆಸುತ್ತಿರುವ ಬಲ್ಡೋಟ ಸಮೂಹ ಸುಮಾರು 54,000 ಕೋಟಿ ರೂಪಾಯಿ ವೆಚ್ಚದಲ್ಲಿ ಉಕ್ಕಿನ ಕಾರ್ಖಾನೆ ವಿಸ್ತರಿಸಲು ಹೊರಟಾಗ, 2025ರ ಫೆಬ್ರುವರಿ 24ರಂದು ಇಡೀ ನಗರ ಬಂದ್ ಆಯಿತು. ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯೇ ಜನರ ಜೊತೆ ನಿಂತರು. ಕೆಲವೇ ದಿನಗಳಲ್ಲಿ ಕಾಮಗಾರಿ ನಿಲ್ಲಿಸುವಂತೆ ಮುಖ್ಯಮಂತ್ರಿ ಅಧಿಕಾರಿಗಳಿಗೆ ಸೂಚಿಸಿದರು. ಆದರೂ ಕೊಪ್ಪಳದ ಹೋರಾಟ ಅಲ್ಲಿಗೆ ಮುಗಿಯಲಿಲ್ಲ. ಬೀದಿಯ ಕೂಗಿಗೆ ಸರ್ಕಾರ ಕಿವಿಗೊಡಬಹುದು, ನ್ಯಾಯಪೀಠ ಮಾತ್ರ ಓದುವುದು ಕಡತವನ್ನು. ನಮ್ಮ ಊರುಗಳು ಸೋಲುವುದು ಬಹುಪಾಲು ಇಲ್ಲಿಯೇ.

ಮೊದಲ ಬಾಗಿಲು ಗ್ರಾಮ ಪಂಚಾಯಿತಿ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯ 66ನೇ ಪ್ರಕರಣದಂತೆ ಕಾರ್ಖಾನೆ ಕಟ್ಟಲು, ಯಂತ್ರ ಅಳವಡಿಸಲು ಪಂಚಾಯಿತಿಯ ಅನುಮತಿ ಬೇಕು. ಪಿಡಿಒಗೆ ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮುದ್ರೆಯಿಲ್ಲದ ಅರ್ಜಿ ಕೊಟ್ಟಿಲ್ಲದ ಅರ್ಜಿಗೆ ಸಮ. ಎರಡನೆಯದು ಮಾಲಿನ್ಯ ನಿಯಂತ್ರಣ ಮಂಡಳಿ. 1974ರ ಜಲ ಕಾಯ್ದೆಯ 25ನೇ ಪ್ರಕರಣ ಹೊಸ ಘಟಕಕ್ಕಷ್ಟೇ ಅಲ್ಲ, ಇರುವ ಘಟಕಕ್ಕೆ ಸೇರಿಸುವ ಭಾಗಕ್ಕೂ ಸಮ್ಮತಿ ಬೇಕೆನ್ನುತ್ತದೆ. ಆ ಸಮ್ಮತಿಯ ಷರತ್ತುಗಳನ್ನು ಬರೆದಿಡುವ ರಿಜಿಸ್ಟರನ್ನು ಸಂಬಂಧಪಟ್ಟ ಯಾರು ಬೇಕಾದರೂ ನೋಡಬಹುದು.

ಎಲ್ಲಕ್ಕಿಂತ ಬೆಲೆಯುಳ್ಳದ್ದು ಪರಿಸರ ಅನುಮತಿಗೆ ಮುನ್ನ ನಡೆಯುವ ಸಾರ್ವಜನಿಕ ಅಹವಾಲು ಸಭೆ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆ ಇದರ ಮೂಲ. ಎಲ್ಲ ವಿಸ್ತರಣೆಗೂ ಈ ಸಭೆ ಇರುವುದಿಲ್ಲ. ಸಣ್ಣ ಪ್ರಮಾಣದ ಹೆಚ್ಚಳಕ್ಕೆ ವಿನಾಯಿತಿಗಳಿವೆ. ಸಣ್ಣ ಕ್ವಾರಿಗಳಿಗೂ ಸಾಮಾನ್ಯವಾಗಿ ಇಲ್ಲ. ಆದರೆ ಅಕ್ಕಪಕ್ಕದ ಕ್ವಾರಿಗಳನ್ನು ಒಟ್ಟು ಗುಂಪಾಗಿ ಲೆಕ್ಕಕ್ಕೆ ಹಿಡಿಯುವ ನಿಯಮವಿದೆ. ಹಾಗಾಗಿ ‘ಸಭೆ ಯಾಕಿಲ್ಲ, ಯಾವ ನಿಯಮದಡಿ ಬಿಟ್ಟಿರಿ?’ ಎಂದು ಬರೆದು ಕೇಳಲೇಬೇಕು.

ಸಭೆ ಇದ್ದರೆ, ಕನಿಷ್ಠ 30 ದಿನ ಮುಂಚೆ ಒಂದು ರಾಷ್ಟ್ರೀಯ ಪತ್ರಿಕೆ ಹಾಗೂ ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಪರಿಸರ ಪರಿಣಾಮ ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕು. ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಓದಲು ಸಿಗಬೇಕು. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿ ದರ್ಜೆಗಿಂತ ಕೆಳಗಿಲ್ಲದ ಅಧಿಕಾರಿ ಸಭೆ ನಡೆಸಬೇಕು, ಅದು ಪೂರ್ತಿ ವಿಡಿಯೊ ಆಗಬೇಕು. ಇಷ್ಟೇ ಜನ ಇರಬೇಕೆಂಬ ಕೋರಂ ಇಲ್ಲ. ಹಾಗಾಗಿ ಬಹಿಷ್ಕಾರ ಹಾಕಿ ಹೊರಗೆ ಕೂತರೂ ಸಭೆ ನಡೆದೇ ತೀರುತ್ತದೆ, ‘ಆಕ್ಷೇಪವಿಲ್ಲ’ ಎಂದು ದಾಖಲಾಗುವ ಅಪಾಯವೂ ಇದೆ. ಸಿಟ್ಟು ಎಷ್ಟೇ ಇರಲಿ, ಒಳಗೆ ಹೋಗಿ ಮಾತಾಡಿ.

ಮಾತು ಹೇಗಿರಬೇಕು? ‘ನಮಗೆ ತೊಂದರೆ ಆಗ್ತದೆ’ ಎಂದರೆ ಸಾಲದು. ಸರ್ವೆ ನಂಬರ್ ಹೇಳಿ, ನಿಮ್ಮ ಬೋರ್‌ವೆಲ್ ಘಟಕದಿಂದ ಎಷ್ಟು ದೂರ, ನೀರು ಎಷ್ಟು ಅಡಿಗೆ ಇಳಿದಿದೆ ಹೇಳಿ. ಹಿಪ್ಪುನೇರಳೆ ಬೆಳೆಯುವವರು ದೂಳು ಕೂತ ಸೊಪ್ಪಿನ ಫೋಟೊ, ಆ ಬೆಳೆಯಲ್ಲಿ ಗೂಡು ಎಷ್ಟು ಕಡಿಮೆಯಾಯಿತೆಂಬ ಮಾರುಕಟ್ಟೆ ಚೀಟಿ ಲಗತ್ತಿಸಿ. ಶಾಲೆಯ ಮುಂದೆ ದಿನಕ್ಕೆ ಎಷ್ಟು ಟಿಪ್ಪರ್ ಹಾಯುತ್ತವೆ ಎಣಿಸಿ ಬರೆಯಿರಿ. ಬ್ಲಾಸ್ಟಿಂಗ್ ಇದ್ದರೆ ಸಿಡಿಮದ್ದು ಎಲ್ಲಿ ಇಡುತ್ತಾರೆ ಕೇಳಿ. 2021ರ ಫೆಬ್ರುವರಿಯಲ್ಲಿ ನಮ್ಮದೇ ಜಿಲ್ಲೆಯ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸ್ಫೋಟಿಸಿ ಆರು ಜನ ಸತ್ತರು. ಸಭೆಯ ಕೊನೆಗೆ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕು. ನಿಮ್ಮ ಮಾತು ಬಿಟ್ಟಿದ್ದರೆ ಅಲ್ಲೇ ಎದ್ದು ನಿಂತು ಸೇರಿಸಲು ಕೇಳಿ.

ಇದೆಲ್ಲ ಬರಿಯ ಶಾಸ್ತ್ರವಲ್ಲ. ಗೋವಾದ ಗಣಿಯೊಂದರ ವಿರುದ್ಧ ಉತ್ಕರ್ಷ ಮಂಡಲ್ ಹೂಡಿದ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2009ರಲ್ಲಿ ಹೇಳಿದ್ದು ಸ್ಪಷ್ಟ: ಸಭೆಯಲ್ಲಿ ಜನ ಎತ್ತಿದ ಆಕ್ಷೇಪಗಳನ್ನು ಪರಿಸರ ಅನುಮತಿಗೆ ಶಿಫಾರಸು ಮಾಡುವ ತಜ್ಞರ ಸಮಿತಿ ಪರಿಶೀಲಿಸಬೇಕು, ಒಪ್ಪದಿದ್ದರೆ ಕಾರಣ ಕೊಡಬೇಕು. ಕಾರಣ ಕೊಡಲು ಆಕ್ಷೇಪ ದಾಖಲಾಗಿರಬೇಕಲ್ಲ!

ಕಾಗದ ಸಿಗದಿದ್ದರೆ ಮಾಹಿತಿ ಹಕ್ಕು ಇದೆ. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಪರಿಸರ ಅನುಮತಿ ಪಡೆದ ಘಟಕ ಷರತ್ತು ಪಾಲಿಸಿದ ಬಗ್ಗೆ ಪ್ರತಿ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ವರದಿ ಕೊಡಬೇಕು. ಹಳೆಯ ಘಟಕ ಹೇಗೆ ನಡೆದಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಮೊದಲು ಅದನ್ನೇ ಕೇಳಿ.

ಪರಿಸರ ಅನುಮತಿ ಸಿಕ್ಕೇಬಿಟ್ಟರೆ ಚೆನ್ನೈಯಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ 30 ದಿನದೊಳಗೆ ಮೇಲ್ಮನವಿ ಹಾಕಬೇಕು. ತಡವಾದದ್ದಕ್ಕೆ ತಕ್ಕ ಕಾರಣವಿದ್ದರೆ ಇನ್ನೂ 60 ದಿನ. ಅದರಾಚೆ ಒಂದು ದಿನವೂ ಇಲ್ಲ. ಪರಿಹಾರ ಕೇಳದ ಅರ್ಜಿಗೆ ಶುಲ್ಕ ಸಾವಿರ ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ವಕೀಲರ ಖರ್ಚಿಗೆ ಹೆದರಬೇಕಿಲ್ಲ: ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದ ನೆರವು ಉಚಿತ. ಚಿಂತಾಮಣಿ ನ್ಯಾಯಾಲಯದ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ, ಇಲ್ಲವೇ 15100ಕ್ಕೆ ಕರೆ ಮಾಡಿ.