ಕಾಯಿಲೆಗೆ ಹೆಸರು, ಹೆಣ್ಣಿಗೆ ಹಣೆಪಟ್ಟಿಯಲ್ಲ



"ಫಾದರ್, ಮುಟ್ಟಿನ ಮುಂಚಿನ ವಾರ ನಾನು ನಾನಾಗಿರುವುದಿಲ್ಲ. ಮಕ್ಕಳ ಮೇಲೆ ರೇಗುತ್ತೇನೆ, ಬದುಕೇ ಬೇಡವೆನಿಸುತ್ತದೆ. ನನಗೇನು ಹುಚ್ಚೇ?" ಮಂಡ್ಯ, ಮದ್ದೂರು, ಮಳವಳ್ಳಿಯ ನಮ್ಮ ಮನೆಗಳ ತಾಯಿಯೊಬ್ಬಳು ಹೀಗೆ ಕೇಳಿದರೆ ಏನು ಹೇಳೋಣ?

ಮುಟ್ಟಿಗೆ ಮುಂಚೆ ತುಸು ಆಯಾಸ, ಸಿಡುಕು ಅನೇಕರಿಗೆ ಉಂಟು. ಅದು ಕಾಯಿಲೆಯಲ್ಲ. ಆದರೆ ಕೆಲವರಿಗೆ ತೀವ್ರ ಖಿನ್ನತೆ, ಆತಂಕ, ಕೋಪ ಬಂದು ಮನೆ, ಕೆಲಸ ಎರಡೂ ಕೆಡುತ್ತವೆ. ಮುಟ್ಟಾದ ಕೆಲವೇ ದಿನಗಳಲ್ಲಿ ಎಲ್ಲವೂ ಇಳಿಯುತ್ತದೆ. ವೈದ್ಯರು ಇದನ್ನು ಪಿ.ಎಂ.ಡಿ.ಡಿ. ಎನ್ನುತ್ತಾರೆ.

ಇದು ಮಾನಸಿಕ ಕಾಯಿಲೆಯೇ ಎಂಬುದು ಹಳೆಯ ಚರ್ಚೆ. ಅಮೆರಿಕದ ಮನೋವೈದ್ಯರ ಸಂಘವು 1994ರಲ್ಲಿ ಇದನ್ನು ತನ್ನ ಕೈಪಿಡಿಯ ಅನುಬಂಧದಲ್ಲಿಟ್ಟು, 2013ರಲ್ಲಿ ಖಿನ್ನತೆಯ ಕಾಯಿಲೆಗಳ ಸಾಲಿಗೆ ಸೇರಿಸಿತು. ಹೆಣ್ಣಿನ ನ್ಯಾಯವಾದ ಕೋಪಕ್ಕೂ ರೋಗದ ಹಣೆಪಟ್ಟಿ ಬೀಳುತ್ತದೆಂದು ಪೌಲಾ ಕಪ್ಲಾನ್ ಎಂಬ ಮನಶ್ಶಾಸ್ತ್ರಜ್ಞೆ ವಿರೋಧಿಸಿದರು. ಹೆಸರಿಲ್ಲದ ನೋವಿಗೆ ಚಿಕಿತ್ಸೆ ಸಿಗದೆಂದು ಇತರರು ವಾದಿಸಿದರು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ಪಟ್ಟಿಯಲ್ಲಿ ಇದು ಮುಖ್ಯವಾಗಿ ಸ್ತ್ರೀರೋಗಗಳ ಜೊತೆಗಿದೆ. ಖಿನ್ನತೆಯ ಭಾಗದಲ್ಲೂ ಕಾಣಿಸಿಕೊಂಡಿದೆ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಇಂಥ ಅಂಗೀಕೃತ ಪಟ್ಟಿಗಳನ್ನೇ ಆಧರಿಸುವುದರಿಂದ, ಈ ಚರ್ಚೆ ನಮಗೂ ಸಂಬಂಧಿಸಿದ್ದೇ.

ಎರಡೂ ಕಡೆ ಸತ್ಯವಿದೆ. ಹೆಸರು ಇರಬೇಕಾದದ್ದು ನೋವಿಗೆ, ವ್ಯಕ್ತಿಗಲ್ಲ. ಗಂಡನ ಕುಡಿತಕ್ಕೆ ಬೇಸತ್ತು ಹೆಂಡತಿ ಬೈದರೆ "ಆ ದಿನಗಳಿರಬೇಕು" ಎಂದು ನಗುವುದು ಅನ್ಯಾಯ. ನಿಜವಾಗಿ ಬಳಲುವವಳಿಗೆ "ಎಲ್ಲ ಹೆಂಗಸರಿಗೂ ಇದ್ದದ್ದೇ" ಎನ್ನುವುದೂ ಅನ್ಯಾಯವೇ.

ಆದುದರಿಂದ ಎರಡು ತಿಂಗಳು ದಿನದಿನದ ಮನಸ್ಥಿತಿಯನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ ವೈದ್ಯರಿಗೆ ತೋರಿಸಿರಿ. ವೈದ್ಯರೂ ಹೀಗೆಯೇ ಪತ್ತೆಮಾಡುತ್ತಾರೆ. ಪರಿಣಾಮಕಾರಿ ಔಷಧಿಗಳಿವೆ. ಮಂಡ್ಯದ ಮಿಮ್ಸ್ ಆಸ್ಪತ್ರೆ ಹತ್ತಿರದಲ್ಲೇ ಇದೆ. ಸಾಯುವ ಯೋಚನೆ ಬಂದರೆ ಎರಡು ತಿಂಗಳು ಕಾಯಬೇಡಿ. ಕೂಡಲೇ ವೈದ್ಯರಲ್ಲಿಗೆ ಹೋಗಿರಿ. ಹಗಲು ರಾತ್ರಿ ಯಾವಾಗಲಾದರೂ ಟೆಲಿ ಮನಸ್ 14416ಕ್ಕೆ ಉಚಿತವಾಗಿ ಕರೆಮಾಡಬಹುದು.

ತಿಂಗಳು ತಿಂಗಳೂ ಇದನ್ನೇ ಪಾಪವೆಂದು ಕೊರಗುವ ಸಹೋದರಿಯರೇ, ಬೇಡವೆಂದರೂ ಬರುವ ಭಾವನೆ ತಾನಾಗಿ ಪಾಪವಲ್ಲ. ಅಂಥ ಸ್ಥಿತಿಯಲ್ಲಿ ಹೊಣೆಯೂ ತಗ್ಗುತ್ತದೆಂದು ಧರ್ಮಸಭೆ ಬೋಧಿಸುತ್ತದೆ. ಸಂತ ಮಾರ್ಕನ ಶುಭಸಂದೇಶದ 5ನೇ ಅಧ್ಯಾಯದಲ್ಲಿ 12 ವರ್ಷ ರಕ್ತಸ್ರಾವದಿಂದ ನರಳಿದ ಸ್ತ್ರೀಯನ್ನು ಯೇಸುಸ್ವಾಮಿ ಕಾಯಿಲೆಯ ಹೆಸರಿಂದ ಕರೆಯಲಿಲ್ಲ, ಮಗಳೆಂದು ಕರೆದರು. ನಮ್ಮ ಮನೆಗಳಲ್ಲೂ ಆ ಮಾತು ಕೇಳಿಸಲಿ.