ಸಮಾಜ ಮಾಧ್ಯಮದ ಛಾಯಾಚಿತ್ರಗಳ ಮುದ್ರಣ ಸೇವೆ: ದರ ನಿಗದಿಗೆ ಮುನ್ನ ಮಾಡಬೇಕಾದ ಲೆಕ್ಕ

ಸಮಾಜ ಮಾಧ್ಯಮಗಳಲ್ಲಿ ಹಂಚಿಕೊಂಡ ಛಾಯಾಚಿತ್ರಗಳನ್ನು ಅಂತರಜಾಲದ ಮೂಲಕ ಪಡೆದು, ಮುದ್ರಿಸಿ, ಗ್ರಾಹಕರಿಗೆ ತಲುಪಿಸುವ ವ್ಯವಹಾರವು ಮುದ್ರಣಯಂತ್ರವನ್ನು ಈಗಾಗಲೇ ಹೊಂದಿರುವ ಸ್ಟುಡಿಯೊಗಳಿಗೆ ಸಹಜ ವಿಸ್ತರಣೆಯಾಗಿದೆ. ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿಯಂತಹ ಪಟ್ಟಣಗಳಲ್ಲಿಯೂ ಇದನ್ನು ನಡೆಸಲು ಅಡ್ಡಿಯಿಲ್ಲ. ಆದರೆ ಒಂದು ಪ್ರತಿಯ ಮೇಲಿನ ಲಾಭವನ್ನಷ್ಟೇ ನೋಡಿ ದರ ನಿಗದಿಪಡಿಸಿದರೆ, ವಹಿವಾಟು ಬೆಳೆದಂತೆ ನಷ್ಟವೂ ಬೆಳೆಯುವ ಸಂಭವವಿದೆ. ಇಲ್ಲಿ ಲಾಭನಷ್ಟವನ್ನು ಆರ್ಡರ್‌ವಾರು ಲೆಕ್ಕ ಹಾಕಬೇಕು.

1. ಸರಕೋ, ಸೇವೆಯೋ?

ಗ್ರಾಹಕನ ಕೈಗೆ ಕಾಗದದ ಚಿತ್ರ ಸೇರುವುದರಿಂದ ಇದು ಸರಕಿನ ಮಾರಾಟವೆಂದು ಭಾವಿಸುವುದು ಸಾಮಾನ್ಯ. ಕೇಂದ್ರ ಪರೋಕ್ಷ ತೆರಿಗೆ ಮತ್ತು ಸೀಮಾಸುಂಕ ಮಂಡಳಿಯು 2019ರ ಜನವರಿ 1ರ ಸುತ್ತೋಲೆ ಸಂಖ್ಯೆ 84/03/2019ರಲ್ಲಿ, ಚಿತ್ರಗಳ ಮುದ್ರಣವು 998386 ಸಂಕೇತದಡಿ ಬರುವ ಸಂಸ್ಕರಣಾ ಸೇವೆಯೆಂದೂ ಅದಕ್ಕೆ ಶೇ. 18ರ ಜಿಎಸ್‌ಟಿ ಅನ್ವಯವಾಗುತ್ತದೆಂದೂ ಸ್ಪಷ್ಟಪಡಿಸಿದೆ.

ನೋಂದಣಿಯ ಮಿತಿಯೂ ಇದನ್ನೇ ಅವಲಂಬಿಸಿದೆ. ಕರ್ನಾಟಕದಲ್ಲಿ ಸರಕುಗಳನ್ನು ಮಾತ್ರ ಮಾರುವವರಿಗೆ ಆ ಮಿತಿ ವಾರ್ಷಿಕ ರೂ. 40 ಲಕ್ಷ, ಸೇವೆ ಒದಗಿಸುವವರಿಗೆ ರೂ. 20 ಲಕ್ಷ. ಚಿತ್ರೀಕರಣ, ಮುದ್ರಣ ಹಾಗೂ ಫ್ರೇಮ್ ಮಾರಾಟ ಸೇರಿ ರೂ. 25 ಲಕ್ಷ ವಹಿವಾಟು ಇರುವ ಸ್ಟುಡಿಯೊ, 40 ಲಕ್ಷದ ಮಿತಿಯನ್ನು ನೆಚ್ಚಿ ನೋಂದಣಿಯಿಲ್ಲದೆ ಉಳಿದರೆ ತೆರಿಗೆ, ಬಡ್ಡಿ ಮತ್ತು ದಂಡ ಮೂರನ್ನೂ ಸ್ವಂತ ಜೇಬಿನಿಂದ ತೆರಬೇಕಾದೀತು.

ಹಿಂದಿನ ವರ್ಷದ ವಹಿವಾಟು ರೂ. 50 ಲಕ್ಷ ಮೀರದ ಸೇವಾದಾರರು ಶೇ. 6ರ ರಾಜಿ ತೆರಿಗೆಯನ್ನು ಆಯ್ದುಕೊಳ್ಳಬಹುದು. ಆದರೆ ಅವರು ಗ್ರಾಹಕರಿಂದ ತೆರಿಗೆ ವಸೂಲು ಮಾಡುವಂತಿಲ್ಲ, ಖರೀದಿಯ ಮೇಲಿನ ತೆರಿಗೆಯ ಜಮೆ ಪಡೆಯುವಂತಿಲ್ಲ, ಅಂತರರಾಜ್ಯ ಸರಬರಾಜನ್ನೂ ಮಾಡುವಂತಿಲ್ಲ. ತೆಲಂಗಾಣ, ಆಂಧ್ರಪ್ರದೇಶಗಳ ಗಡಿಯಲ್ಲಿರುವ ರಾಯಚೂರು ಜಿಲ್ಲೆಯವರು ಈ ಕೊನೆಯ ಷರತ್ತನ್ನು ವಿಶೇಷವಾಗಿ ಗಮನಿಸಬೇಕು.

2. ಒಂದು ಆರ್ಡರಿನ ಲೆಕ್ಕ

ಉದಾಹರಣೆಗೆ, ತೆರಿಗೆ ಸೇರಿ ಪ್ರತಿಯೊಂದಕ್ಕೆ ರೂ. 10ರಂತೆ 10 ಪ್ರತಿಗಳ ಆರ್ಡರ್ ಬಂದಿದೆಯೆಂದು ಊಹಿಸೋಣ. ಕೆಳಗಿನ ವೆಚ್ಚಗಳು ಜಮೆ ದೊರೆಯುವ ತೆರಿಗೆಯನ್ನು ಹೊರತುಪಡಿಸಿದವು.

ಗ್ರಾಹಕ ನೀಡಿದ್ದು: ರೂ. 100.00
ಅದರೊಳಗಿನ ಜಿಎಸ್‌ಟಿ: ರೂ. 15.25
ಕಾಗದ, ಶಾಯಿ (ಪ್ರತಿಗೆ ರೂ. 4): ರೂ. 40.00
ಹಣ ಪಾವತಿ ಸೇವೆಯ ಶುಲ್ಕ (ಶೇ. 2): ರೂ. 2.00
ರಟ್ಟು, ಲಕೋಟೆ: ರೂ. 6.00
ಕೊರಿಯರ್: ರೂ. 50.00
ನಷ್ಟ: ರೂ. 13.25

ಕೂಲಿ, ಬಾಡಿಗೆ, ವಿದ್ಯುತ್ ವೆಚ್ಚಗಳನ್ನು ಇನ್ನೂ ಸೇರಿಸಿಲ್ಲ. ಇದೇ ದರಗಳಲ್ಲಿ 13 ಪ್ರತಿಗಳವರೆಗೂ ನಷ್ಟವೇ. 14ನೆಯ ಪ್ರತಿಗೆ ಅಲ್ಪ ಉಳಿತಾಯ ಕಾಣುತ್ತದೆ. ಆದುದರಿಂದ ಕನಿಷ್ಠ ಆರ್ಡರಿನ ಪ್ರಮಾಣವನ್ನು ಮೊದಲೇ ಪ್ರಕಟಿಸಬೇಕು, ಇಲ್ಲವೇ ಸಾಗಣೆ ವೆಚ್ಚವನ್ನು ಪ್ರತ್ಯೇಕವಾಗಿ ವಿಧಿಸಬೇಕು.

ಮೂರನೆಯ ಮಾರ್ಗವೂ ಉಂಟು. ಮೂರೂ ಪಟ್ಟಣಗಳು 150ಎ ರಾಷ್ಟ್ರೀಯ ಹೆದ್ದಾರಿಯ ಮೇಲಿವೆ. ಸಿಂಧನೂರಿನಲ್ಲಿ ಮುದ್ರಿಸಿದ 20 ಆರ್ಡರುಗಳನ್ನು ರೂ. 100ರ ಒಂದೇ ಬಸ್ ಪಾರ್ಸಲಿನಲ್ಲಿ ಮಸ್ಕಿ ಅಥವಾ ಲಿಂಗಸುಗೂರಿನ ಸಹವರ್ತಿ ಸ್ಟುಡಿಯೊಗೆ ಕಳುಹಿಸಿ, ಗ್ರಾಹಕರು ಅಲ್ಲಿಂದ ಒಯ್ಯುವಂತೆ ಮಾಡಿದರೆ ಸಾಗಣೆ ವೆಚ್ಚ ಆರ್ಡರಿಗೆ ರೂ. 5ಕ್ಕೆ ಇಳಿಯುತ್ತದೆ. ಆಗ ಮೇಲಿನ ನಷ್ಟವು ರೂ. 31.75ರ ಉಳಿತಾಯವಾಗುತ್ತದೆ. ಸಹವರ್ತಿಯ ಕಮಿಷನ್ನನ್ನು ಇದರಿಂದಲೇ ನೀಡಬೇಕು. 2007ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕ್ಯಾನ್ವೆರಾ ಸಂಸ್ಥೆಯು ಆಲ್ಬಂ ಮುದ್ರಣದ ಕೆಲಸವನ್ನು ವೃತ್ತಿಪರ ಛಾಯಾಗ್ರಾಹಕರ ಮೂಲಕ ಪಡೆಯುವ ಕ್ರಮ ಅನುಸರಿಸಿದ್ದು ಇಲ್ಲಿ ಗಮನಾರ್ಹ.

3. ಚಿತ್ರ ಬರುವ ದಾರಿ

ಗ್ರಾಹಕರ ಖಾತೆಯಿಂದ ಚಿತ್ರಗಳನ್ನು ನೇರವಾಗಿ ಪಡೆಯುವ ತಂತ್ರಾಂಶಕ್ಕೆ ಹಣ ಹೂಡುವ ಮುನ್ನ ಯೋಚಿಸಬೇಕು. ವೈಯಕ್ತಿಕ ಖಾತೆಗಳ ಚಿತ್ರಗಳನ್ನು ಹೊರಗಿನ ತಂತ್ರಾಂಶಗಳಿಗೆ ಒದಗಿಸುತ್ತಿದ್ದ ಇನ್‌ಸ್ಟಾಗ್ರಾಂನ ಸೌಲಭ್ಯವು 2024ರ ಡಿಸೆಂಬರ್ 4ರಂದು ಸ್ಥಗಿತಗೊಂಡಿತು. ಅದೊಂದನ್ನೇ ನಂಬಿ ಹೂಡಿದ ಬಂಡವಾಳ ಅಂದಿಗೆ ವ್ಯರ್ಥವಾದಂತೆಯೇ. ಗ್ರಾಹಕರೇ ಮೂಲ ಕಡತವನ್ನು ಕಳುಹಿಸುವ ವ್ಯವಸ್ಥೆ ಸರಳ ಮತ್ತು ಸುರಕ್ಷಿತ.

ಇದರಿಂದ ಗುಣಮಟ್ಟಕ್ಕೂ ಲಾಭ. 1080 ಪಿಕ್ಸೆಲ್ ಅಗಲದ ಚಿತ್ರವನ್ನು 4 ಅಂಗುಲ ಅಗಲಕ್ಕೆ ಮುದ್ರಿಸಿದರೆ ಅಂಗುಲಕ್ಕೆ 270 ಪಿಕ್ಸೆಲ್ ದೊರೆತು ಸ್ಪಷ್ಟವಾಗಿರುತ್ತದೆ. 12 ಅಂಗುಲಕ್ಕೆ ಹಿಗ್ಗಿಸಿದರೆ 90 ಮಾತ್ರ. ಅಂತಹ ಆರ್ಡರನ್ನು ಮುದ್ರಣಕ್ಕೆ ಮುನ್ನವೇ ತಡೆಯದಿದ್ದರೆ ಮರುಮುದ್ರಣದ ವೆಚ್ಚ ಮಾಲೀಕನ ಮೇಲೆ ಬೀಳುತ್ತದೆ.

4. ಹಕ್ಕುಸ್ವಾಮ್ಯ

1957ರ ಹಕ್ಕುಸ್ವಾಮ್ಯ ಕಾಯಿದೆಯ 17ನೆಯ ಕಲಮಿನಂತೆ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಹಕ್ಕುದಾರ, ಬೇರೆ ಕರಾರು ಇಲ್ಲದಿದ್ದಲ್ಲಿ, ತೆಗೆಸಿದವನೇ. ಇತರರ ಪುಟದಿಂದ ಇಳಿಸಿಕೊಂಡ ಚಿತ್ರಕ್ಕೆ ಈ ರಕ್ಷಣೆಯಿಲ್ಲ. ಚಿತ್ರವು ತನ್ನದೆಂಬ ಗ್ರಾಹಕರ ಘೋಷಣೆಯನ್ನು ಆರ್ಡರಿನೊಂದಿಗೇ ಪಡೆದು ಕಾಯ್ದಿರಿಸುವುದು ಒಳಿತು. ಅನುಮಾನ ಬಂದ ಚಿತ್ರವನ್ನು ಮುದ್ರಿಸದಿರುವುದು ಇನ್ನೂ ಒಳಿತು.

ಯಂತ್ರದ ಬೆಲೆಪಟ್ಟಿ ತರಿಸುವ ಮುನ್ನ ವರ್ತಕರು ತಮ್ಮ ನೈಜ ವೆಚ್ಚಗಳನ್ನು ಮೇಲಿನ ಪಟ್ಟಿಯಲ್ಲಿ ತುಂಬಿ, ಎಷ್ಟನೆಯ ಪ್ರತಿಯಿಂದ ಉಳಿತಾಯ ಆರಂಭವಾಗುತ್ತದೆಂಬುದನ್ನು ತಿಳಿದುಕೊಳ್ಳಬೇಕು. ಬರುವ ಆರ್ಡರುಗಳು ಆ ಸಂಖ್ಯೆಯನ್ನು ಮುಟ್ಟುವ ಭರವಸೆಯಿದ್ದರೆ ಮಾತ್ರ ಮುಂದುವರಿಯುವುದು ಸೂಕ್ತ.