ಇನ್‌ಚಾರ್ಜ್ ಹುದ್ದೆ ಬಾಯಿಬಿಟ್ಟು ಕೇಳಿ
ಖಾಸಗಿ ಆಸ್ಪತ್ರೆಯಲ್ಲಿ ಹೊಸಬರಿಗೆ ಕ್ಯಾನುಲಾ ಹಾಕುವುದನ್ನು ಕಲಿಸಿದ್ದು ನೀವು, ವಾರ್ಡ್ ಇನ್‌ಚಾರ್ಜ್ ಆಗಿದ್ದು ನಿಮ್ಮ ಕೈಕೆಳಗೆ ಕಲಿತವರು. ನೋವಾಗದೆ ಇರುತ್ತದೆಯೇ? ಆದರೂ ಆಡಳಿತದವರೇ ಕರೆದು ಹುದ್ದೆ ಕೊಡಲಿ ಎಂದು ಕಾಯಬೇಡಿ ಸಿಸ್ಟರ್. ನರ್ಸಿಂಗ್ ಸೂಪರಿಂಟೆಂಡೆಂಟ್ ಬಳಿ ಸಮಯ ಕೇಳಿ, ಕೂತು ಮಾತಾಡಿ. “ಈ ಹುದ್ದೆ ನನಗೆ ಬೇಕು, ನನ್ನಲ್ಲಿ ಏನು ಕಡಿಮೆಯಿದೆ ಹೇಳಿ ಮೇಡಂ” ಎನ್ನಿ. ಅರ್ಜಿಯನ್ನೂ ಬರೆದುಕೊಡಿ.

ಡ್ಯೂಟಿ ಪಟ್ಟಿ ಹಾಕಿದ್ದು, ಕ್ರ್ಯಾಶ್ ಕಾರ್ಟ್‌ನಲ್ಲಿ ಅವಧಿ ಮೀರಿದ ಅಡ್ರಿನಲಿನ್ ಪತ್ತೆ ಹಚ್ಚಿದ್ದು, ಎನ್‌ಎಬಿಎಚ್ ತಪಾಸಣೆಗೆ ಕಡತ ಸಿದ್ಧಪಡಿಸಿದ್ದು, ಎಲ್ಲವನ್ನೂ ದಿನಾಂಕ ಸಮೇತ ಬರೆದಿಡಿ. ರಾತ್ರಿ ಪಾಳಿಯ ದುಡಿಮೆ ಮೇಲಿನವರ ಕಣ್ಣಿಗೆ ಬೀಳುವುದೇ ಅಪರೂಪ.

ಜಿಎನ್‌ಎಂ ಆಗಿದ್ದರೆ 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ. ನರ್ಸಿಂಗ್ ಮಾಡಿಕೊಳ್ಳಿ. ಇನ್‌ಚಾರ್ಜ್ ರಜೆ ಹಾಕಿದಾಗ ವಾರ್ಡ್ ನೋಡಿಕೊಳ್ಳಲು ಮುಂದಾಗಿ. ಇಷ್ಟಾದರೂ ಕಡೆಗಣಿಸಿದರೆ ಬೇರೆ ಆಸ್ಪತ್ರೆ ನೋಡಲು ಸಂಕೋಚ ಬೇಡ. ಬಿಡುವ ಮುನ್ನ ಅನುಭವ ಪತ್ರದಲ್ಲಿ ಪ್ರಭಾರದಲ್ಲಿ ವಾರ್ಡ್ ನೋಡಿಕೊಂಡ ದಿನಗಳನ್ನೂ ಬರೆಸಿಕೊಳ್ಳಿ.